ಕುಮ್ಕಿ ಆನೆ

ಕುಮ್ಕಿ ಆನೆ ಎಂದರೆ ಕಾಡಾನೆಗಳನ್ನು ಸೆರೆ ಹಿಡಿಯುವ, ಸ್ಥಳಾಂತರಿಸುವ, ಅವುಗಳಿಗೆ ರೇಡಿಯೊ ಕಾಲರ್ ತೊಡಿಸುವ ಅಥವಾ ಚಿಕಿತ್ಸೆ ನೀಡುವ ಕಾರ್ಯಾಚರಣೆಗಳಿಗಾಗಿ ಪಳಗಿಸಲಾದ ಸಾಕಾನೆ. ಹಗ್ಗ ಎಳೆಯುವುದು, ಸೆರೆಯಾದ ಆನೆಯನ್ನು ಲಾರಿಗೆ ದೂಡುವುದು ಮುಂತಾದ ಬಲಪ್ರಯೋಗದ ಕೆಲಸಗಳನ್ನು ಕುಮ್ಕಿ ಆನೆ ಮಾಡುತ್ತದೆಯಾದರೂ, ಅದರ ಮೊದಲ ಕರ್ತವ್ಯ ಕಾಡಾನೆಯ ಗಮನವನ್ನು ತನ್ನತ್ತ ಸೆಳೆದುಕೊಂಡು, ಕೆಲಸ ಮುಗಿಯುವವರೆಗೆ ಅದನ್ನು ಅಲ್ಲಿಯೇ ಹಿಡಿದಿಡುವುದು. ಕಾಡಾನೆ ಕುಮ್ಕಿಯನ್ನು ನೋಡುತ್ತಿರುವಷ್ಟು ಹೊತ್ತು ಮಾತ್ರ ಪಶುವೈದ್ಯರು, ಮಾವುತರು ಮತ್ತು ಅರಣ್ಯ ಸಿಬ್ಬಂದಿ ಅದರ ಸಮೀಪ ಸುರಕ್ಷಿತವಾಗಿ ಇರಬಲ್ಲರು. ಕರ್ನಾಟಕದಲ್ಲಿ ಕುಮ್ಕಿ ಆನೆಗಳನ್ನು ಹೆಚ್ಚಾಗಿ ಬಳಸಲಾಗಿರುವ ಪ್ರದೇಶಗಳಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಪ್ರಮುಖವಾದವು. ಮೈಸೂರು ದಸರಾದಲ್ಲಿ 8 ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಇಂತಹ ಕಾರ್ಯಾಚರಣೆಯೊಂದರಲ್ಲಿ ಕಾಡಾನೆಯೊಡನೆ ಕಾದಾಡಿ ಮೃತಪಟ್ಟಿತು.

ಹೆಸರು

‘ಕುಮ್ಕಿ’ ಎಂಬ ಪದವು ನೆರವು ಎಂಬ ಅರ್ಥದ ಪಾರಸಿ ಪದ ‘ಕುಮಕ್’ನಿಂದ ಬಂದಿದೆ. ಕನ್ನಡದಲ್ಲಿ ಬೆಂಬಲ, ಪ್ರಚೋದನೆ ಎಂಬ ಅರ್ಥಗಳಲ್ಲಿ ಬಳಕೆಯಲ್ಲಿರುವ ‘ಕುಮ್ಮಕ್ಕು’ ಇದೇ ಮೂಲದ್ದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗ ಜಮೀನಿಗೆ ಹೊಂದಿಕೊಂಡು, ಕೃಷಿಗೆ ಸೊಪ್ಪು ಸೌದೆಗಳ ನೆರವು ಒದಗಿಸುವ ಸರ್ಕಾರಿ ಭೂಮಿಯನ್ನು ಕುಮ್ಕಿ ಜಮೀನು ಎನ್ನುವುದರ ಹಿಂದೆಯೂ ಇದೇ ಅರ್ಥವಿದೆ. ಅಸ್ಸಾಂ ಮತ್ತು ಉತ್ತರ ಬಂಗಾಳದಲ್ಲಿ ಇಂತಹ ಆನೆಗಳನ್ನು ‘ಕೂಂಕಿ’ ಎಂದು ಕರೆಯುತ್ತಾರೆ. ಕರ್ನಾಟಕದ ಆನೆ ಶಿಬಿರಗಳಲ್ಲಿಯೂ ಪತ್ರಿಕೆಗಳಲ್ಲಿಯೂ ‘ಸಾಕಾನೆ’, ‘ಪಳಗಿದ ಆನೆ’ ಎಂಬ ಹೆಸರುಗಳು ‘ಕುಮ್ಕಿ’ಯಷ್ಟೇ ಬಳಕೆಯಲ್ಲಿವೆ. ಆದರೆ ಎಲ್ಲ ಸಾಕಾನೆಗಳೂ ಕುಮ್ಕಿಗಳಲ್ಲ. ಮೆರವಣಿಗೆ, ಗಸ್ತು ಅಥವಾ ಮರ ಎಳೆಯುವ ಕೆಲಸಕ್ಕೆ ಒಗ್ಗಿದ ಆನೆಯು ಕಾಡಾನೆಯ ಎದುರು ನಿಲ್ಲುತ್ತದೆಂಬ ಭರವಸೆಯಿಲ್ಲ.

ಇತಿಹಾಸ

ಪಳಗಿದ ಆನೆಯ ನೆರವಿನಿಂದ ಕಾಡಾನೆಯನ್ನು ಹಿಡಿಯುವ ಪದ್ಧತಿ ಭಾರತದಲ್ಲಿ ಬಹಳ ಹಳೆಯದು. ಈಶಾನ್ಯ ಭಾರತದ ‘ಮೇಳಾ ಶಿಕಾರ್’ ಪದ್ಧತಿಯಲ್ಲಿ ಕೂಂಕಿ ಆನೆಯ ಬೆನ್ನ ಮೇಲಿಂದಲೇ ಕಾಡಾನೆಯ ಕೊರಳಿಗೆ ಹಗ್ಗದ ಕುಣಿಕೆ ಎಸೆಯಲಾಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಪ್ರಸಿದ್ಧವಾದದ್ದು ಖೆಡ್ಡಾ ಪದ್ಧತಿ. ಬ್ರಿಟಿಷ್ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಇದನ್ನು ಯಶಸ್ವಿಯಾಗಿ ನಡೆಸಿದನು. ನಂತರದ ದಶಕಗಳಲ್ಲಿ ಕಬಿನಿ ನದಿತೀರದ ಕಾಕನಕೋಟೆಯ ಖೆಡ್ಡಾಗಳು ಹೆಸರುವಾಸಿಯಾದವು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು.

ಖೆಡ್ಡಾದಲ್ಲಿ ನೂರಾರು ಜನರು ತಮಟೆ, ಪಂಜು ಮತ್ತು ಕೂಗುಗಳಿಂದ ಹಿಂಡನ್ನು ಅಟ್ಟಿ, ದಿಮ್ಮಿಗಳಿಂದ ಕಟ್ಟಿದ ಆವರಣದೊಳಗೆ ಸೇರಿಸುತ್ತಿದ್ದರು. ಕುಮ್ಕಿಗಳ ಪಾತ್ರ ಆರಂಭವಾಗುತ್ತಿದ್ದುದು ಅಲ್ಲಿಂದ. ಮಾವುತರನ್ನು ಹೊತ್ತ ಕುಮ್ಕಿಗಳು ಆವರಣವನ್ನು ಪ್ರವೇಶಿಸಿ, ಒಂದೊಂದು ಕಾಡಾನೆಯನ್ನು ಹಿಂಡಿನಿಂದ ಬೇರ್ಪಡಿಸಿ, ಎರಡೂ ಪಕ್ಕಗಳಿಂದ ಒತ್ತಿ ನಿಲ್ಲಿಸುತ್ತಿದ್ದವು. ಕಾಡಾನೆ ಈ ಎರಡು ದೇಹಗಳೊಡನೆ ಸೆಣಸುತ್ತಿರುವಾಗ ಹಗ್ಗ ಕಟ್ಟುವವರು ಕುಮ್ಕಿಯ ಮರೆಯಲ್ಲಿ ನೆಲಕ್ಕಿಳಿದು ಅದರ ಹಿಂಗಾಲುಗಳಿಗೆ ಕುಣಿಕೆ ಹಾಕುತ್ತಿದ್ದರು. ಅರಿವಳಿಕೆ ಮದ್ದು ಇಲ್ಲದ ಆ ಕಾಲದಲ್ಲಿ ಮನುಷ್ಯನಿಗೂ ಕಾಡಾನೆಗೂ ನಡುವೆ ಇದ್ದ ಏಕೈಕ ರಕ್ಷಣೆ ಕುಮ್ಕಿಯ ದೇಹವೇ ಆಗಿತ್ತು. ಅರ್ಜುನ ಆನೆಯೂ ಕಾಕನಕೋಟೆಯಲ್ಲಿ 1968ರಲ್ಲಿ ನಡೆದ ಖೆಡ್ಡಾದಲ್ಲಿ ಸೆರೆಯಾದದ್ದು.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಏಷ್ಯಾದ ಆನೆಯನ್ನು 1977ರಲ್ಲಿ ಸೇರಿಸಲಾಯಿತು. ಅದರೊಂದಿಗೆ ದುಡಿಮೆಗಾಗಿ ಅಥವಾ ಮಾರಾಟಕ್ಕಾಗಿ ಆನೆ ಹಿಡಿಯುವ ಕಾಲ ಮುಗಿಯಿತು. ಕಾಯ್ದೆಯ 11ನೇ ವಿಧಿಯ ಪ್ರಕಾರ, ಮೊದಲ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ ಅಥವಾ ಚೇತರಿಸಿಕೊಳ್ಳಲಾಗದಷ್ಟು ರೋಗಗ್ರಸ್ತವಾಗಿದೆ ಎಂದು ಮನವರಿಕೆಯಾದಾಗ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಕಾರಣಗಳೊಂದಿಗೆ ಅನುಮತಿ ನೀಡಬಹುದು. ಅಂತಹ ಸಂದರ್ಭದಲ್ಲಿಯೂ ಸೆರೆ, ಅರಿವಳಿಕೆ ಅಥವಾ ಸ್ಥಳಾಂತರ ಸಾಧ್ಯವಿಲ್ಲವೆಂದು ಖಚಿತವಾಗದೆ ಕೊಲ್ಲಲು ಆದೇಶಿಸುವಂತಿಲ್ಲ. ಹೀಗಾಗಿ ಕುಮ್ಕಿಯ ಉದ್ದೇಶವೇ ಬದಲಾಯಿತು. ಹಿಂದೆ ಕಾಡಾನೆಯನ್ನು ದುಡಿಮೆಗೆ ಒದಗಿಸುತ್ತಿದ್ದ ಕುಮ್ಕಿ, ಈಗ ಜನವಸತಿಗೆ ಬಂದ ಕಾಡಾನೆಯನ್ನು ಕೊಲ್ಲದೆ ತಡೆಯುವ ಸಾಧನವಾಗಿದೆ.

ಹಾಸನ ಮಲೆನಾಡಿನ ಹಿನ್ನೆಲೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ಪೂರ್ವದ ಇಳಿಜಾರಿನಲ್ಲಿವೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಮತ್ತು ಹಾಸನ–ಮಂಗಳೂರು ರೈಲು ಮಾರ್ಗಗಳು ಈ ಬೆಟ್ಟಸಾಲುಗಳ ನಡುವೆ ಹಾದುಹೋಗುತ್ತವೆ. ಇವೆರಡರ ಮೇಲೂ ಇರುವ ಬಾಳ್ಳುಪೇಟೆಯು ಹಾಸನದ ಕಡೆಯಿಂದ ಬರುವಾಗ ಸಕಲೇಶಪುರಕ್ಕೆ ಮೊದಲು ಸಿಗುವ ಪೇಟೆ. ಸುತ್ತಲಿನ ಭೂಮಿಯ ಬಹುಭಾಗ ಕಾಫಿ, ಕಾಳುಮೆಣಸು ಮತ್ತು ಏಲಕ್ಕಿ ತೋಟಗಳು. ತಗ್ಗಿನಲ್ಲಿ ಭತ್ತದ ಗದ್ದೆಗಳು. ನಡುನಡುವೆ ಮೀಸಲು ಅರಣ್ಯದ ತುಂಡುಗಳು ಮತ್ತು ನೆಡುತೋಪುಗಳು. ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಲಾದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಕೃಷಿಭೂಮಿ ಮತ್ತು ಕಾಡು ಮುಳುಗಿದವು.

ಇಲ್ಲಿನ ಸಮಸ್ಯೆಯ ವಿಶೇಷವೆಂದರೆ ಆನೆಗಳು ದೊಡ್ಡ ಅಭಯಾರಣ್ಯವೊಂದರಿಂದ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹಿಂದಿರುಗುವುದಿಲ್ಲ. ತೋಟಗಳಲ್ಲಿಯೇ ಹಗಲು ಕಳೆಯುತ್ತವೆ. ಕಾಫಿ ಗಿಡಗಳ ಸಾಲು ಮತ್ತು ನೆರಳಿನ ಮರಗಳು ಅವುಗಳಿಗೆ ಮರೆ ಒದಗಿಸುತ್ತವೆ, ತೋಟದ ಕೆರೆಗಳು ನೀರು ಒದಗಿಸುತ್ತವೆ, ಭತ್ತ, ಬಾಳೆ ಮತ್ತು ಹಲಸು ಆಹಾರವಾಗುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ತೋಟದ ಕಾರ್ಮಿಕರು ಹತ್ತಿಪ್ಪತ್ತು ಅಡಿ ದೂರದಲ್ಲಿ ಆನೆಯನ್ನು ಎದುರಿಸಬೇಕಾಗುವ ಸಂದರ್ಭಗಳು ಬರುತ್ತವೆ. ಪ್ರಾಣಹಾನಿ ಸಂಭವಿಸಿದಾಗಲೆಲ್ಲ ಆನೆ ಹಿಡಿಯಬೇಕೆಂಬ ಬೇಡಿಕೆ ಏಳುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ, ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿತು. ಅದು ರಾಜ್ಯದ ಆನೆ ಪ್ರದೇಶಗಳನ್ನು ಸಂರಕ್ಷಣಾ ವಲಯ, ಸಹಬಾಳ್ವೆ ವಲಯ ಮತ್ತು ತೆರವು ವಲಯ ಎಂದು ವಿಂಗಡಿಸಿ, ಆಲೂರು ಭಾಗದ ಆನೆಗಳನ್ನು ಸೆರೆ ಹಿಡಿದು ತೆರವುಗೊಳಿಸಲು ಶಿಫಾರಸು ಮಾಡಿತು. ಅದರಂತೆ ಕುಮ್ಕಿಗಳ ನೆರವಿನಿಂದ ಆಲೂರು–ಸಕಲೇಶಪುರ ಭಾಗದಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆದರೆ ತೆರವಾದ ಜಾಗ ಖಾಲಿ ಉಳಿಯಲಿಲ್ಲ; ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದು ನೆಲೆಸಿದವು. ಬಳಿಕ ಎಲ್ಲ ಆನೆಗಳನ್ನೂ ಹಿಡಿಯುವ ಬದಲು, ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ಹಾಕಿ ಚಲನವಲನ ತಿಳಿಯುವುದು, ಅಪಾಯಕಾರಿಯಾದ ಸಲಗಗಳನ್ನು ಮಾತ್ರ ಹಿಡಿಯುವುದು ರೂಢಿಗೆ ಬಂದಿತು. ಎರಡೂ ಕೆಲಸಗಳಿಗೆ ಕುಮ್ಕಿಗಳು ಬೇಕು.

ಆಯ್ಕೆ ಮತ್ತು ತರಬೇತಿ

ಕರ್ನಾಟಕದ ಕುಮ್ಕಿಗಳು ಕೊಡಗಿನ ದುಬಾರೆ, ನಾಗರಹೊಳೆಯ ಮತ್ತಿಗೋಡು ಮತ್ತು ಬಳ್ಳೆ, ಶಿವಮೊಗ್ಗದ ಸಕ್ರೆಬೈಲು ಮುಂತಾದ ಅರಣ್ಯ ಇಲಾಖೆಯ ಶಿಬಿರಗಳಿಗೆ ಸೇರಿದವು. ದಸರಾ ಮೆರವಣಿಗೆಯ ಆನೆಗಳಲ್ಲಿ ಹಲವು ವರ್ಷದ ಉಳಿದ ದಿನಗಳಲ್ಲಿ ಕುಮ್ಕಿಗಳಾಗಿ ಕೆಲಸ ಮಾಡುತ್ತವೆ. ಮಾವುತರು ಮತ್ತು ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬ ಮತ್ತು ಬೆಟ್ಟಕುರುಬ ಸಮುದಾಯದವರು ಬಹಳ ಮಂದಿ ಇದ್ದಾರೆ.

ಸೆರೆಯಾದ ಆನೆಯನ್ನು ಮೊದಲು ದಪ್ಪ ದಿಮ್ಮಿಗಳ ಕ್ರಾಲ್‌ನಲ್ಲಿ ತಿಂಗಳುಗಟ್ಟಲೆ ಇರಿಸಿ, ಮಾವುತನ ಧ್ವನಿ, ಸ್ಪರ್ಶ ಮತ್ತು ಆಹಾರಕ್ಕೆ ಒಗ್ಗಿಸಲಾಗುತ್ತದೆ. ಪಳಗಿದ ಆನೆಗಳಲ್ಲಿ ಕುಮ್ಕಿಯಾಗಿ ಆಯ್ಕೆಯಾಗುವಂಥವು ಸಾಮಾನ್ಯವಾಗಿ ದೊಡ್ಡ ದೇಹದ ಗಂಡಾನೆಗಳು. ಆದರೆ ಗಾತ್ರವೊಂದೇ ಸಾಲದು. ಇನ್ನೊಂದು ಆನೆ ಘೀಳಿಟ್ಟು ನುಗ್ಗಿದಾಗ ತಿರುಗಿ ಓಡದಿರುವ ಎದೆಗಾರಿಕೆ ಬೇಕು. ಅದೇ ವೇಳೆ ಕಾದಾಟದ ಉದ್ರೇಕದಲ್ಲಿಯೂ ಮಾವುತನ ಮಾತನ್ನು ಮೀರದಿರುವ ವಿಧೇಯತೆ ಬೇಕು. ಈ ಎರಡು ಗುಣಗಳು ಒಂದೇ ಆನೆಯಲ್ಲಿ ಕೂಡಿರುವುದು ಅಪರೂಪವಾದುದರಿಂದ ನಂಬಿಕಸ್ತ ಕುಮ್ಕಿಗಳು ಕಡಿಮೆ ಸಂಖ್ಯೆಯಲ್ಲಿದ್ದು, ಅವೇ ಆನೆಗಳನ್ನು ಮತ್ತೆ ಮತ್ತೆ ಕರೆದೊಯ್ಯಬೇಕಾಗುತ್ತದೆ. ಮತ್ತಿಗೋಡು ಶಿಬಿರದ ಅಭಿಮನ್ಯು ನೂರಕ್ಕೂ ಹೆಚ್ಚು ಕಾಡಾನೆಗಳ ಸೆರೆಯಲ್ಲಿ ಪಾಲ್ಗೊಂಡ ಆನೆಯೆಂದು ಹೆಸರಾಗಿದೆ.

ಕಾಡಾನೆಯಾಗಿ ಸೆರೆಯಾದದ್ದೇ ಮುಂದೆ ಕುಮ್ಕಿಯಾಗುವುದು ಸಾಮಾನ್ಯ. ದುಬಾರೆ ಶಿಬಿರದ ಧನಂಜಯ ಮತ್ತು ಕಂಜನ್ ಆನೆಗಳು ಹಾಸನ ಜಿಲ್ಲೆಯ ಯಸಳೂರು ಭಾಗದಲ್ಲಿ ಸೆರೆಯಾದಂಥವು. ತೋಟಗಳ ನಡುವೆ ಬೆಳೆದ ಆನೆಗೆ ಅಲ್ಲಿನ ನೆಲ ಪರಿಚಿತವಾಗಿರುವುದು ಇಂತಹ ಆನೆಗಳ ಅನುಕೂಲವಾಗಿದೆ.

ಕಾರ್ಯವಿಧಾನ

ಗಮನ ಸೆಳೆಯುವುದು

ಕಾರ್ಯಾಚರಣೆಯ ದಿನ ಬೆಳಗಿನ ಜಾವ ಹೆಜ್ಜೆಗುರುತು, ಲದ್ದಿ ಮತ್ತು ಮುರಿದ ಕೊಂಬೆಗಳ ಜಾಡು ಹಿಡಿದು ಗುರಿಯ ಆನೆಯನ್ನು ಪತ್ತೆ ಮಾಡಲಾಗುತ್ತದೆ. ಆನಂತರ ಸಾಮಾನ್ಯವಾಗಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕುಮ್ಕಿಗಳು ಮಾವುತರೊಡನೆ ಮುಂದುವರಿಯುತ್ತವೆ. ಮನುಷ್ಯರು ಮಾತ್ರ ಹೋದರೆ ಕಾಡಾನೆ ಒಂದೋ ಓಡುತ್ತದೆ, ಇಲ್ಲವೇ ಮೇಲೆ ಬೀಳುತ್ತದೆ. ಎದುರಿನಲ್ಲಿ ಇನ್ನೊಂದು ಆನೆ ಕಂಡಾಗ ಅದರ ನಡವಳಿಕೆ ಬೇರೆಯಾಗಿರುತ್ತದೆ. ಅದು ನಿಂತು, ಸೊಂಡಿಲೆತ್ತಿ ವಾಸನೆ ಹಿಡಿದು, ಕಿವಿಯರಳಿಸಿ ಎದುರಿನ ಆನೆಯನ್ನು ಅಳೆಯುತ್ತದೆ. ಗಂಡಾನೆಗಳಲ್ಲಿ ಮೇಲುಗೈ ನಿರ್ಧಾರವಾಗುವುದು ಮುಖ್ಯವಾಗಿ ದೇಹದ ಗಾತ್ರ ಮತ್ತು ಮದದ ಸ್ಥಿತಿಯಿಂದ. ಅಪರಿಚಿತ ಗಂಡಾನೆ ಎದುರಾದಾಗ ಈ ಲೆಕ್ಕ ಮುಗಿಯುವವರೆಗೆ ಉಳಿದುದೆಲ್ಲ ಕಾಡಾನೆಗೆ ಗೌಣವಾಗುತ್ತದೆ. ಕುಮ್ಕಿಯ ಬೆನ್ನ ಮೇಲಿರುವ ಮನುಷ್ಯನನ್ನು ಅದು ಬೇರೆಯಾದ ಜೀವಿಯೆಂದು ಗುರುತಿಸಿ ಗುರಿಯಾಗಿಸುವುದು ಕಡಿಮೆ.

ಈ ಬಿಡುವಿನಲ್ಲಿ ಪಶುವೈದ್ಯರು ಅಥವಾ ಪರಿಣತ ಗುರಿಕಾರರು ಕುಮ್ಕಿಯ ಮೇಲಿಂದ ಅಥವಾ ಮರದ ಮರೆಯಿಂದ ಕಾಡಾನೆಯ ತೊಡೆ ಅಥವಾ ಹೆಗಲಿನ ಮಾಂಸಖಂಡಕ್ಕೆ ಅರಿವಳಿಕೆ ಮದ್ದಿನ ಡಾರ್ಟ್ ಹಾರಿಸುತ್ತಾರೆ. ಜೈಲಜಿನ್, ಅಥವಾ ಅದರೊಂದಿಗೆ ಕೆಟಮಿನ್ ಬೆರೆಸಿದ ಮದ್ದು ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ.

ಗಮನ ಹಿಡಿದಿಡುವುದು

ಡಾರ್ಟ್ ತಗುಲಿದ ಕೂಡಲೇ ಆನೆ ಮಲಗುವುದಿಲ್ಲ. ಮದ್ದು ಹಿಡಿಯಲು ಹಲವು ನಿಮಿಷಗಳು ಬೇಕು, ಮತ್ತು ಇಡೀ ಕಾರ್ಯಾಚರಣೆಯಲ್ಲಿ ಅತ್ಯಂತ ಅಪಾಯದ ಅವಧಿ ಇದೇ. ನೋವು ಮತ್ತು ಗಾಬರಿಯಿಂದ ಓಡಿದ ಆನೆ ಕೆರೆಗಿಳಿದು ಅಲ್ಲಿಯೇ ಮಂಪರಿಗೆ ಬಿದ್ದರೆ ಮುಳುಗಿ ಸಾಯಬಹುದು, ಇಳಿಜಾರಿನಲ್ಲಿ ಉರುಳಬಹುದು, ರಸ್ತೆಗೆ ಅಥವಾ ಜನವಸತಿಗೆ ನುಗ್ಗಬಹುದು, ಡಾರ್ಟ್ ಹಾರಿಸಿದವರ ಮೇಲೆಯೇ ತಿರುಗಿ ಬೀಳಬಹುದು. ಉದ್ರೇಕಗೊಂಡ ಪ್ರಾಣಿಯ ಮೇಲೆ ಅರಿವಳಿಕೆ ನಿಧಾನವಾಗಿ ಮತ್ತು ಕಡಿಮೆ ಪರಿಣಾಮ ಬೀರುವುದರಿಂದ ಅಟ್ಟಾಡಿಸುವುದು ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಆದ್ದರಿಂದ ಈ ಹಂತದಲ್ಲಿ ಕುಮ್ಕಿಗಳ ಕೆಲಸ ಹೋರಾಡುವುದಲ್ಲ. ಮುಂದಾಳು ಕುಮ್ಕಿ ಕಾಡಾನೆಯ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿದ್ದು, ಅದನ್ನು ಕೆರಳಿಸದಷ್ಟು ದೂರ ಕಾಯ್ದುಕೊಳ್ಳುತ್ತದೆ. ಉಳಿದವು ನೀರು, ಕಂದರ ಮತ್ತು ರಸ್ತೆಯ ದಿಕ್ಕುಗಳನ್ನು ಅಡ್ಡಗಟ್ಟುತ್ತವೆ. ಮುಂದಾಳು ಬೆನ್ನು ತಿರುಗಿಸಿದರೆ ಕಾಡಾನೆಯ ಗಮನ ಓಡುತ್ತಿರುವ ಮನುಷ್ಯರತ್ತ ಹೊರಳುತ್ತದೆ. ತೀರ ಮುನ್ನುಗ್ಗಿದರೆ ಕಾದಾಟ ಆರಂಭವಾಗಿ ಹಗ್ಗ ಕಟ್ಟುವವರು ಸಮೀಪಿಸುವುದು ಅಸಾಧ್ಯವಾಗುತ್ತದೆ. ಈ ಅಂತರವನ್ನು ಕಾಪಾಡುವುದರಲ್ಲಿಯೇ ಮಾವುತನ ಪರಿಣತಿ ಇದೆ. ಅವನು ಕಾಲ್ಬೆರಳುಗಳಿಂದ ಆನೆಯ ಕಿವಿಯ ಹಿಂಬದಿಯನ್ನು ಒತ್ತಿ ದಿಕ್ಕು ಸೂಚಿಸುತ್ತಾನೆ ಮತ್ತು ಧ್ವನಿಯಿಂದ ಧೈರ್ಯ ತುಂಬುತ್ತಾನೆ.

ಬಂಧನ ಮತ್ತು ಸಾಗಣೆ

ಕಾಡಾನೆ ತಲೆ ತಗ್ಗಿಸಿ, ಸೊಂಡಿಲು ಜೋಲುಬಿಟ್ಟು ನಿಂತಾಗ ಎರಡು ಕುಮ್ಕಿಗಳು ಅದರ ಪಕ್ಕಗಳಿಗೆ ಒತ್ತಿ ನಿಲ್ಲುತ್ತವೆ. ಖೆಡ್ಡಾ ಕಾಲದಂತೆಯೇ ಇಲ್ಲಿಯೂ ಸಿಬ್ಬಂದಿ ಕುಮ್ಕಿಗಳ ಮರೆಯಲ್ಲಿ ಕಾಲುಗಳಿಗೂ ಕೊರಳಿಗೂ ದಪ್ಪ ಹಗ್ಗ ಬಿಗಿಯುತ್ತಾರೆ. ಮೈಕಾವು ಏರದಂತೆ ನೀರು ಸುರಿಯಲಾಗುತ್ತದೆ. ಬಳಿಕ ಕಿವಿಯ ರಕ್ತನಾಳಕ್ಕೆ ಪ್ರತಿಮದ್ದು ನೀಡಿದಾಗ ಆನೆ ಕೆಲವೇ ನಿಮಿಷಗಳಲ್ಲಿ ಎಚ್ಚರಗೊಳ್ಳುತ್ತದೆ. ಎಚ್ಚರವಾದ ಆನೆಯನ್ನು ಮುಂದಿನ ಕುಮ್ಕಿಗಳು ಎಳೆದು, ಹಿಂದಿನವು ದೂಡಿ ಲಾರಿಯತ್ತ ನಡೆಸುತ್ತವೆ. ಅಗತ್ಯವಿದ್ದಾಗ ಕ್ರೇನ್ ಬಳಸಲಾಗುತ್ತದೆ.

ರೇಡಿಯೊ ಕಾಲರ್ ಅಳವಡಿಕೆ

ಕಾಲರ್ ಹಾಕುವ ಕಾರ್ಯಾಚರಣೆಯಲ್ಲಿ ಗಮನ ಹಿಡಿದಿಡುವ ಕೆಲಸ ಎರಡು ಕಡೆಗೆ ಹಂಚಿಹೋಗುತ್ತದೆ. ಮಂಪರಿನಲ್ಲಿರುವ ಹೆಣ್ಣಾನೆಯನ್ನು ಬಿಟ್ಟು ಹಿಂಡು ದೂರ ಹೋಗುವುದಿಲ್ಲ. ಅದರ ಸಂಬಂಧಿ ಹೆಣ್ಣಾನೆಗಳು ರಕ್ಷಣೆಗೆ ಮರಳಿ ಬರುವುದುಂಟು. ಆದ್ದರಿಂದ ಕೆಲವು ಕುಮ್ಕಿಗಳು ಮಂಪರಿನ ಆನೆಯ ಪಕ್ಕದಲ್ಲಿಯೂ, ಉಳಿದವು ಹಿಂಡು ಮತ್ತು ವೈದ್ಯರ ನಡುವೆಯೂ ನಿಲ್ಲುತ್ತವೆ. ಪ್ರತಿಮದ್ದು ಕೊಟ್ಟ ಮೇಲೆ ಸಿಬ್ಬಂದಿ ಮೊದಲು ಹೊರಟು, ಕುಮ್ಕಿಗಳು ಕೊನೆಗೆ ಹಿಂದೆ ಸರಿಯುತ್ತವೆ.

ಗಮನ ಕೈತಪ್ಪುವ ಸಂದರ್ಭಗಳು

ಕುಮ್ಕಿಯ ಪಾತ್ರಕ್ಕೆ ಅತಿ ದೊಡ್ಡ ಸವಾಲು ಮದ. ಪ್ರೌಢ ಗಂಡಾನೆಗಳಲ್ಲಿ ನಿಯತಕಾಲಿಕವಾಗಿ ಟೆಸ್ಟೊಸ್ಟಿರೋನ್ ಪ್ರಮಾಣ ಹಲವು ಪಟ್ಟು ಏರಿ, ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಮದಜಲ ಸುರಿಯುತ್ತದೆ. ಮದದಲ್ಲಿರುವ ಆನೆ ತನಗಿಂತ ದೊಡ್ಡದಾದ, ಮದವಿಲ್ಲದ ಆನೆಯನ್ನೂ ಹಿಮ್ಮೆಟ್ಟಿಸಬಲ್ಲದು. ಸಾಕಾನೆಗೆ ಮದ ಬಂದಾಗ ಅದು ಮಾವುತನ ಮಾತನ್ನೂ ಕೇಳದಿರುವುದರಿಂದ ಅದನ್ನು ಕೆಲಸಕ್ಕೆ ತರದೆ ಶಿಬಿರದಲ್ಲಿ ಕಟ್ಟಿಹಾಕಲಾಗುತ್ತದೆ. ಪರಿಣಾಮವಾಗಿ, ಮದವೇರಿದ ಕಾಡಾನೆಯ ಎದುರು ನಿಲ್ಲುವ ಕುಮ್ಕಿ ಯಾವಾಗಲೂ ಮದವಿಲ್ಲದ ಆನೆಯೇ ಆಗಿರುತ್ತದೆ. ಸಾಮಾನ್ಯ ಸಂದರ್ಭದಲ್ಲಿ ಕಾಡಾನೆಯನ್ನು ತಡೆದು ನಿಲ್ಲಿಸುವ ‘ಅಳೆದು ನೋಡುವ’ ಹಂತ ಇಲ್ಲಿ ಬಹಳ ಚಿಕ್ಕದಾಗಿ, ನೇರ ದಾಳಿ ನಡೆಯಬಹುದು.

ಎರಡನೆಯದು ನೆಲದ ಸ್ವರೂಪ. ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ತಂತಿಬೇಲಿ, ಕಂದಕ, ಏರಿಳಿತ ಮತ್ತು ದಟ್ಟವಾದ ಗಿಡಗಳಿಂದಾಗಿ ಕುಮ್ಕಿಗಳು ಸಾಲಾಗಿ ನಿಲ್ಲಲು ಆಗುವುದಿಲ್ಲ. ಮುಂದಾಳು ಆನೆ ಉಳಿದವುಗಳಿಂದ ಬೇರ್ಪಟ್ಟು ಒಂಟಿಯಾಗುವ ಸಂಭವ ಹೆಚ್ಚು. ಮೂರನೆಯದು ಜನರ ಗುಂಪು. ಕಾರ್ಯಾಚರಣೆ ನೋಡಲು ಸೇರುವವರ ಕೂಗಾಟ, ಪಟಾಕಿ ಮತ್ತು ವಾಹನಗಳ ಸದ್ದು ಕಾಡಾನೆಯ ಗಮನವನ್ನು ಕುಮ್ಕಿಯಿಂದ ಬೇರೆಡೆಗೆ ಎಳೆಯುತ್ತವೆ. ಕಾರ್ಯಾಚರಣೆಯ ಸ್ಥಳಕ್ಕೆ ಸಾರ್ವಜನಿಕರು ಬಾರದಂತೆ ನಿರ್ಬಂಧಿಸುವುದಕ್ಕೆ ಇದೇ ಕಾರಣ.

2023ರ ಘಟನೆಗಳು

2023ರಲ್ಲಿ ಹಾಸನ ಜಿಲ್ಲೆಯಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ದುರಂತಗಳು ಸಂಭವಿಸಿದವು. ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ‘ಭೀಮ’ ಎಂಬ ಸಲಗಕ್ಕೆ ಚಿಕಿತ್ಸೆ ನೀಡುವ ಸಲುವಾಗಿ ಅರಿವಳಿಕೆ ಮದ್ದು ಹಾರಿಸಲಾಯಿತು. ಮದ್ದು ಹಿಡಿಯುವ ಮೊದಲೇ ಆನೆ ತಿರುಗಿ ದಾಳಿ ಮಾಡಿದ್ದರಿಂದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಗುರಿಕಾರ ವೆಂಕಟೇಶ್ ಮೃತಪಟ್ಟರು. ಹಲವು ಕಾರ್ಯಾಚರಣೆಗಳ ಅನುಭವವಿದ್ದವರಿಗೂ ಡಾರ್ಟ್ ತಗುಲಿದ ನಂತರದ ನಿಮಿಷಗಳು ಎಷ್ಟು ಅಪಾಯಕಾರಿ ಎಂಬುದನ್ನು ಈ ಘಟನೆ ತೋರಿಸಿತು.

ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆ ಬಳಿಯ ನೆಡುತೋಪಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಅರ್ಜುನ ಮುಂದಾಳು ಕುಮ್ಕಿಯಾಗಿತ್ತು. ಮದವೇರಿದ್ದ ಕಾಡಾನೆಯೊಂದು ಅನಿರೀಕ್ಷಿತವಾಗಿ ದಾಳಿ ಮಾಡಿದಾಗ ಉಳಿದ ಸಾಕಾನೆಗಳು ಹಿಂದೆ ಸರಿದವು. ಅರ್ಜುನ ಒಂಟಿಯಾಗಿ ಕಾದಾಡಿ ತೀವ್ರವಾಗಿ ಗಾಯಗೊಂಡು ಸ್ಥಳದಲ್ಲಿಯೇ ಮೃತಪಟ್ಟಿತು. ಆಗ ಅದರ ವಯಸ್ಸು ಸುಮಾರು 64. ಮರುದಿನ ಅದು ಬಿದ್ದ ಸ್ಥಳದ ಬಳಿಯಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಸ್ಮಾರಕಕ್ಕಾಗಿ ಸಾರ್ವಜನಿಕರಿಂದ ಬೇಡಿಕೆ ಬಂದಿತು. ಅರ್ಜುನ ಮಡಿದ ಸ್ಥಳದಲ್ಲಿಯೂ ಅದು ಬಾಳಿದ ಬಳ್ಳೆಯಲ್ಲಿಯೂ ಸ್ಮಾರಕ ನಿರ್ಮಿಸುವುದಾಗಿ ಅರಣ್ಯ ಸಚಿವ ಈಶ್ವರ ಖಂಡ್ರೆ ಪ್ರಕಟಿಸಿದರು.

ಕಾರ್ಯಾಚರಣೆಯ ಸಿದ್ಧತೆಯ ಬಗ್ಗೆ ಪ್ರಶ್ನೆಗಳು ಎದ್ದವು ಮತ್ತು ಸರ್ಕಾರ ತನಿಖೆಗೆ ಆದೇಶಿಸಿತು. ಹೆಚ್ಚು ಚರ್ಚೆಯಾದ ವಿಷಯ ಅರ್ಜುನನ ವಯಸ್ಸು. 60 ವರ್ಷ ಮೀರಿದ ಆನೆಯ ಮೇಲೆ ಭಾರ ಹೊರಿಸಬಾರದೆಂಬ ಮಾರ್ಗಸೂಚಿಯ ಕಾರಣ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನನ್ನು 2020ರಲ್ಲಿ ಆ ಹೊಣೆಯಿಂದ ಬಿಡುಗಡೆಗೊಳಿಸಿ, ಅಭಿಮನ್ಯುವಿಗೆ ಅದನ್ನು ವಹಿಸಲಾಗಿತ್ತು. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಕೆಲವು ತಾಸು ಹೊರಲು ವಯಸ್ಸಾಗಿದೆ ಎಂದು ಪರಿಗಣಿತವಾದ ಆನೆಯನ್ನು ಮದವೇರಿದ ಸಲಗದ ಎದುರು ನಿಲ್ಲಿಸಿದ್ದು ಸರಿಯೇ ಎಂಬುದು ಟೀಕಾಕಾರರ ಪ್ರಶ್ನೆಯಾಗಿತ್ತು. ಅನುಭವಿ ಕುಮ್ಕಿಗಳ ಸಂಖ್ಯೆ ಕಡಿಮೆ ಇರುವುದು ಮತ್ತು ಅನುಭವಕ್ಕೆ ಬದಲಿ ಇಲ್ಲದಿರುವುದು ಇದರ ಹಿಂದಿನ ವಾಸ್ತವ.

ಇತರ ಕ್ಷೇತ್ರಗಳಲ್ಲಿ ಇದೇ ತತ್ವ

ಗುಂಪಿನಲ್ಲಿ ಬಲಶಾಲಿಯಾದ ಒಬ್ಬ ಸದಸ್ಯ ಎದುರಾಳಿಯ ಗಮನವನ್ನು ತನ್ನ ಮೇಲೆ ಎಳೆದುಕೊಂಡು ಉಳಿದವರಿಗೆ ಕೆಲಸ ಮಾಡಲು ಅವಕಾಶ ಮಾಡಿಕೊಡುವ ವಿಧಾನ ಬೇರೆಡೆಯೂ ಇದೆ. ಅಮೆರಿಕದ ರೋಡಿಯೊ ಕ್ರೀಡೆಯಲ್ಲಿ ಸವಾರ ಗೂಳಿಯ ಮೇಲಿಂದ ಬಿದ್ದಾಗ, ಅದಕ್ಕೆಂದೇ ನಿಯೋಜಿತರಾದವರು ಗೂಳಿಯ ಮುಂದೆ ಓಡಾಡಿ ಅದನ್ನು ತಮ್ಮತ್ತ ತಿರುಗಿಸುತ್ತಾರೆ.

ಆನ್‌ಲೈನ್ ಪಾತ್ರಾಭಿನಯ ಆಟಗಳಲ್ಲಿ ಈ ಪಾತ್ರಕ್ಕೆ ‘ಟ್ಯಾಂಕ್’ ಎಂಬ ಹೆಸರಿದೆ. 1999ರ ಎವರ್‌ಕ್ವೆಸ್ಟ್ ಮತ್ತು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮುಂತಾದ ಆಟಗಳಲ್ಲಿ ತಂಡದ ಕೆಲಸ ಟ್ಯಾಂಕ್, ಗಾಯ ಮಾಗಿಸುವವರು ಮತ್ತು ಆಕ್ರಮಣಕಾರರ ನಡುವೆ ಹಂಚಿಕೆಯಾಗಿರುತ್ತದೆ. ಎದುರಾಳಿ ಯಾರ ಮೇಲೆ ಬೀಳಬೇಕೆಂಬುದನ್ನು ಆಟದ ತಂತ್ರಾಂಶವು ಪ್ರತಿಯೊಬ್ಬ ಆಟಗಾರನಿಗೂ ಲೆಕ್ಕವಿಡುವ ‘ಬೆದರಿಕೆ’ಯ ಅಂಕದಿಂದ ನಿರ್ಧರಿಸುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಎದುರಾಳಿಯ ಗಮನ ಟ್ಯಾಂಕ್‌ನಿಂದ ಬೇರೊಬ್ಬರತ್ತ ಹೊರಳಲು, ಹತ್ತಿರದಿಂದ ಹೋರಾಡುವವರ ಅಂಕ ಟ್ಯಾಂಕ್‌ನದ್ದಕ್ಕಿಂತ ಶೇಕಡ 10ರಷ್ಟು, ದೂರದಿಂದ ಹೋರಾಡುವವರ ಅಂಕ ಶೇಕಡ 30ರಷ್ಟು ಹೆಚ್ಚಾಗಬೇಕು. ಟ್ಯಾಂಕ್ ಸಾಕಷ್ಟು ಅಂಕ ಗಳಿಸುವ ಮೊದಲೇ ಇತರರು ಅವಸರದಿಂದ ದಾಳಿ ಮಾಡಿದರೆ ಗಮನ ಅವರತ್ತ ತಿರುಗಿ ತಂಡ ಸೋಲುತ್ತದೆ. ತಂಡದ ಉಳಿದವರು ಮುಂದಾಳುವಿನ ಹಿಡಿತ ಗಟ್ಟಿಯಾಗುವವರೆಗೆ ಕಾಯಬೇಕು ಎಂಬ ನಿಯಮ ಕುಮ್ಕಿ ಕಾರ್ಯಾಚರಣೆಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ ಆಟದಲ್ಲಿ ಟ್ಯಾಂಕ್‌ನ ಹಿಂದೆ ಗಾಯ ಮಾಗಿಸುವವರಿರುತ್ತಾರೆ, ಬೆದರಿಕೆಯ ಅಂಕವನ್ನು ತಿಳಿಯಬಹುದು, ಮತ್ತು ಪಾತ್ರವನ್ನು ಆಟಗಾರನೇ ಆಯ್ದುಕೊಂಡಿರುತ್ತಾನೆ. ಕುಮ್ಕಿಗೆ ಈ ಮೂರೂ ಇಲ್ಲ.

ಇತರ ರಾಜ್ಯಗಳಲ್ಲಿ

ತಮಿಳುನಾಡಿನ ಮುದುಮಲೆಯ ತೆಪ್ಪಕಾಡು ಮತ್ತು ಕೇರಳದ ವಯನಾಡಿನ ಮುತ್ತಂಗ ಶಿಬಿರಗಳು ಕುಮ್ಕಿ ಆನೆಗಳಿಗೆ ಹೆಸರಾಗಿವೆ. ಕೇರಳದ ಇಡುಕ್ಕಿ ಜಿಲ್ಲೆಯ ಚಿನ್ನಕನಾಲ್‌ನಲ್ಲಿ ‘ಅರಿಕೊಂಬನ್’ ಎಂಬ ಸಲಗವನ್ನು 2023ರ ಏಪ್ರಿಲ್ 29ರಂದು ನಾಲ್ಕು ಕುಮ್ಕಿಗಳ ನೆರವಿನಿಂದ ಹಿಡಿದು ಸ್ಥಳಾಂತರಿಸಲಾಯಿತು. ತಮಿಳಿನಲ್ಲಿ ‘ಕುಮ್ಕಿ’ ಎಂಬ ಹೆಸರಿನ ಚಲನಚಿತ್ರ 2012ರಲ್ಲಿ ತೆರೆಕಂಡಿತು. ಕರ್ನಾಟಕವು ನೆರೆಯ ರಾಜ್ಯಗಳಿಗೆ ಪಳಗಿದ ಆನೆಗಳನ್ನು ನೀಡುತ್ತ ಬಂದಿದೆ. 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ವಿಧಾನಸೌಧದ ಬಳಿ ನಡೆದ ಕಾರ್ಯಕ್ರಮದಲ್ಲಿ ಕುಮ್ಕಿ ಆನೆಗಳನ್ನು ಆಂಧ್ರಪ್ರದೇಶಕ್ಕೆ ಹಸ್ತಾಂತರಿಸಲಾಯಿತು.

ಟೀಕೆ ಮತ್ತು ಪರ್ಯಾಯಗಳು

ಕುಮ್ಕಿಗಳ ಬಳಕೆಯ ಕುರಿತ ಟೀಕೆಗಳು ಎರಡು ಬಗೆಯವು. ಮೊದಲನೆಯದು ಪ್ರಾಣಿಕಲ್ಯಾಣಕ್ಕೆ ಸಂಬಂಧಿಸಿದ್ದು: ಕಾಡಿನಿಂದ ಬೇರ್ಪಡಿಸಿದ ಆನೆಯನ್ನು ಅದರದೇ ಜಾತಿಯ ಎದುರು ನಿಲ್ಲಿಸಿ, ಮನುಷ್ಯನು ಎದುರಿಸಬೇಕಾದ ಅಪಾಯವನ್ನು ಅದಕ್ಕೆ ವರ್ಗಾಯಿಸಲಾಗುತ್ತದೆ ಎಂಬುದು. ಎರಡನೆಯದು ಪರಿಣಾಮಕ್ಕೆ ಸಂಬಂಧಿಸಿದ್ದು: ಆಲೂರು ಭಾಗದ ಅನುಭವದಂತೆ, ಸೆರೆಯಿಂದ ತೆರವಾದ ಸ್ಥಳಕ್ಕೆ ಬೇರೆ ಆನೆಗಳು ಬರುವುದರಿಂದ ಕಾರ್ಯಾಚರಣೆಗಳು ಕೊನೆಯಿಲ್ಲದೆ ಮುಂದುವರಿಯಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ಜನರ ಜೀವಕ್ಕೆ ಎರವಾದ ಆನೆಯನ್ನು ಕೊಲ್ಲದೆ ಹಿಡಿಯಲು ಕುಮ್ಕಿಯಷ್ಟು ಸುರಕ್ಷಿತವಾದ ಬೇರೆ ದಾರಿ ಇಲ್ಲವೆಂಬುದೂ, ಪಶುವೈದ್ಯರು ಬರಿಗಾಲಿನಲ್ಲಿ ಎದುರಿಸುವ ಅಪಾಯ ಇನ್ನೂ ಹೆಚ್ಚೆಂಬುದೂ ಅರಣ್ಯ ಸಿಬ್ಬಂದಿಯ ವಾದ. ತೋಟದ ಕಾರ್ಮಿಕರಿಗೂ ಸಣ್ಣ ಹಿಡುವಳಿದಾರರಿಗೂ ಇದು ದಿನನಿತ್ಯದ ಜೀವದ ಪ್ರಶ್ನೆಯಾಗಿದೆ.

ಕುಮ್ಕಿಗಳ ಮೇಲಿನ ಅವಲಂಬನೆಯನ್ನು ತಗ್ಗಿಸಲು ಹಾಸನ ಜಿಲ್ಲೆಯಲ್ಲಿ ಬಳಕೆಗೆ ಬಂದ ಕ್ರಮಗಳಲ್ಲಿ ಮುಖ್ಯವಾದವು ಮುನ್ನೆಚ್ಚರಿಕೆಯ ವ್ಯವಸ್ಥೆಗಳು. ಕಾಲರ್‌ನಿಂದ ಮತ್ತು ಜಾಡು ನೋಡುವ ಸಿಬ್ಬಂದಿಯಿಂದ ದೊರೆತ ಮಾಹಿತಿಯನ್ನು ಮೊಬೈಲ್ ಸಂದೇಶ ಮತ್ತು ರಸ್ತೆಬದಿಯ ಫಲಕಗಳ ಮೂಲಕ ಜನರಿಗೆ ತಲುಪಿಸಲಾಗುತ್ತದೆ. ಆನೆ ಕಾರ್ಯಪಡೆ ಮತ್ತು ಕ್ಷಿಪ್ರ ಸ್ಪಂದನಾ ತಂಡಗಳು ಆನೆಗಳಿರುವ ತೋಟಗಳನ್ನು ಮುಂಜಾನೆಯೇ ಗುರುತಿಸಿ ಎಚ್ಚರಿಸುತ್ತವೆ. ಕೆಲವೆಡೆ ಹಳೆಯ ರೈಲು ಹಳಿಗಳ ತಡೆಬೇಲಿ ನಿರ್ಮಿಸಲಾಗಿದೆ. ಆನೆ ಎಲ್ಲಿದೆ ಎಂಬುದು ಕಾರ್ಮಿಕರಿಗೆ ಮೊದಲೇ ತಿಳಿದರೆ ಮುಖಾಮುಖಿ ತಪ್ಪುತ್ತದೆ. ಮುಖಾಮುಖಿ ತಪ್ಪಿದಷ್ಟೂ ಕುಮ್ಕಿಯನ್ನು ಕರೆಸುವ ಪ್ರಸಂಗಗಳು ಕಡಿಮೆಯಾಗುತ್ತವೆ. ಆದರೆ ಇಂತಹ ಮಾಹಿತಿಗೆ ಆಧಾರವಾದ ಕಾಲರ್‌ಗಳನ್ನು ಹಿಂಡಿನ ಆನೆಗಳಿಗೆ ತೊಡಿಸಲು ಮತ್ತು ಅವುಗಳ ಬ್ಯಾಟರಿ ಮುಗಿದಾಗ ಬದಲಾಯಿಸಲು ಕುಮ್ಕಿಗಳ ನೆರವನ್ನೇ ಪಡೆಯಲಾಗುತ್ತಿದೆ.